ತ್ಯಾಗರಾಜರಿಗೆ ಗುಡಿ ಕಟ್ಟಿದ ನಂಜನಗೂಡಿನ ಮಗಳು

ಪ್ರತಿವರ್ಷ ಪುಷ್ಯ ಬಹುಳ ಪಂಚಮಿಯ ಬೆಳಿಗ್ಗೆ ತಂಜಾವೂರಿಗೆ ಸಮೀಪದ ತಿರುವಯ್ಯಾರಿನಲ್ಲಿ, ಕಾವೇರಿಯ ದಡದ ಮೇಲೆ, ನೂರಾರು ಗಾಯಕ ಗಾಯಕಿಯರು ನೆಲದ ಮೇಲೆ ಸಾಲುಸಾಲಾಗಿ ಕುಳಿತು ತ್ಯಾಗರಾಜರ ಪಂಚರತ್ನ ಕೃತಿಗಳನ್ನು ಒಕ್ಕೊರಲಿನಿಂದ ಹಾಡುತ್ತಾರೆ. ಸಂಗೀತ ಲೋಕದ ದಿಗ್ಗಜರೂ ಆಗಷ್ಟೇ ಪಾಠ ಕಲಿಯುತ್ತಿರುವ ಹುಡುಗ ಹುಡುಗಿಯರೂ ಅಲ್ಲಿ ಒಟ್ಟಿಗೆ ಕುಳಿತಿರುತ್ತಾರೆ. ಯಾರಿಗೂ ಸಂಭಾವನೆಯಿಲ್ಲ. ಹಾಡುವುದೇ ಸೇವೆ, ಹಾಡಲು ಸಿಕ್ಕ ಅವಕಾಶವೇ ಪ್ರಸಾದ.

ಈ ಉತ್ಸವ ನಡೆಯುವ ಗುಡಿಯನ್ನು ಕಟ್ಟಿಸಿದವರು ಒಬ್ಬ ಕನ್ನಡತಿ. ತಮ್ಮ ದುಡಿಮೆಯ ಹಣವನ್ನೆಲ್ಲ ಸುರಿದು ಸಂತಕವಿಯ ಸಮಾಧಿಗೆ ಮರುಜೀವ ಕೊಟ್ಟರೂ ಅದೇ ಗುಡಿಯ ಮುಂದೆ ಕುಳಿತು ಹಾಡಲು ಅವರಿಗೆ ಬಹುಕಾಲ ಅವಕಾಶವಿರಲಿಲ್ಲ. ಕಾರಣ ಇಷ್ಟೇ: ಅವರು ಹೆಂಗಸು. ಅಂದಿನ ಸಮಾಜ ಹಗುರವಾಗಿ ಕಾಣುತ್ತಿದ್ದ ದೇವದಾಸಿ ಕುಲದಲ್ಲಿ ಹುಟ್ಟಿದ ಹೆಂಗಸು. ಆ ಬಾಗಿಲು ತೆರೆಯುವವರೆಗೂ ಅವರು ಜಗ್ಗಲಿಲ್ಲ. ತೆರೆಯುವ ಹೊತ್ತಿಗೆ ಅವರಿಗೆ ಅರುವತ್ತು ದಾಟಿತ್ತು.

ಅವರೇ ವಿದ್ಯಾಸುಂದರಿ ಬೆಂಗಳೂರು ನಾಗರತ್ನಮ್ಮ.

ಕಪಿಲೆಯ ದಡದಲ್ಲಿ ಹುಟ್ಟು

ನಾಗರತ್ನಮ್ಮ ಹುಟ್ಟಿದ್ದು 1878ರ ನವೆಂಬರ್ 3ರಂದು, ಕಪಿಲಾ ನದಿಯ ದಡದ ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಮ್ಮ ದೇವದಾಸಿ ಮನೆತನದವರು. ತಂದೆ ಸುಬ್ಬರಾಯರು ವಕೀಲರು. ಮಗು ಕೈಗೂಸಾಗಿದ್ದಾಗಲೇ ತಂದೆಯ ಆಸರೆ ತಪ್ಪಿತು. ಮಗಳನ್ನು ವಿದ್ಯಾವಂತೆಯನ್ನಾಗಿ ಮಾಡಲೇಬೇಕೆಂಬ ಹಟ ಮಾತ್ರ ತಾಯಿಯಲ್ಲಿ ಉಳಿಯಿತು.

ಮೈಸೂರಿಗೆ ಬಂದ ತಾಯಿ ಮಗಳಿಗೆ ಆಶ್ರಯ ದೊರೆತದ್ದು ಅರಮನೆಯ ಸಂಸ್ಕೃತ ವಿದ್ವಾಂಸ ಗಿರಿಭಟ್ಟರ ತಿಮ್ಮಯ್ಯನವರಲ್ಲಿ. ಎಳೆಯ ಬಾಲಕಿ ಅವರ ಬಳಿ ಸಂಸ್ಕೃತ ಪಾಠಗಳನ್ನು ಕಲಿತಳು. ಒಮ್ಮೆ ಕೇಳಿದ ಶ್ಲೋಕ ನಾಲಿಗೆಯ ಮೇಲೆ ನಿಲ್ಲುತ್ತಿತ್ತು. ಆದರೆ ಹಿರಿಯರ ನಡುವೆ ಮನಸ್ತಾಪ ಬೆಳೆದು ಆ ಮನೆಯನ್ನೂ ಬಿಡಬೇಕಾಯಿತು. ಮಗಳು ಹೆಸರು ಗಳಿಸಿದ ಮೇಲೆಯೇ ಮತ್ತೆ ಮೈಸೂರಿಗೆ ಕಾಲಿಡುವುದೆಂದು ಪುಟ್ಟಲಕ್ಷ್ಮಮ್ಮ ಪಣ ತೊಟ್ಟರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ.

ಊರೂರು ಅಲೆದು ತಾಯಿ ಮಗಳು ನೆಲೆ ನಿಂತದ್ದು ಬೆಂಗಳೂರಿನಲ್ಲಿ. ಸಂಬಂಧದಲ್ಲಿ ಮಾವನಾಗಬೇಕಿದ್ದ ಪಿಟೀಲು ವಿದ್ವಾಂಸ ವೆಂಕಟಸ್ವಾಮಪ್ಪನವರು ಆಸರೆಯಾದರು. ಕನ್ನಡದ ಜತೆಗೆ ತೆಲುಗು, ಇಂಗ್ಲಿಷ್ ಅಭ್ಯಾಸ ನಡೆಯಿತು. ನೃತ್ಯ ಮತ್ತು ಅಭಿನಯಗಳ ಶಿಕ್ಷಣವೂ ದೊರೆಯಿತು. ಸಂಗೀತ ಪಾಠಕ್ಕೆ ದೊರೆತ ಗುರು ಮುನಿಸ್ವಾಮಪ್ಪನವರು. ಅವರು ತ್ಯಾಗರಾಜರ ನೇರ ಶಿಷ್ಯ ವಾಲಾಜಾಪೇಟೆ ವೆಂಕಟರಮಣ ಭಾಗವತರ ಪರಂಪರೆಗೆ ಸೇರಿದವರು. ಮುಂದೆ ನಾಗರತ್ನಮ್ಮನವರ ಬದುಕಿನ ದಾರಿಯನ್ನೇ ಬದಲಿಸಿದ ಗುರುಸಂಬಂಧ ಇದು.

ಮಗಳ ಏಳಿಗೆಯನ್ನು ಕಾಣುವ ಮೊದಲೇ ತಾಯಿ ತೀರಿಕೊಂಡರು. ಹದಿಹರೆಯದಲ್ಲೇ ಅನಾಥೆಯಾದ ಹುಡುಗಿ ಎದೆಗುಂದಲಿಲ್ಲ. ಹದಿನೈದರ ಪ್ರಾಯದಲ್ಲಿ ವಿದ್ವಜ್ಜನರ ಮುಂದೆ ರಂಗವೇರಿದಳು. ಮೈಸೂರಿನಲ್ಲಿ ವೀಣೆ ಶೇಷಣ್ಣನವರ ಮನೆಯಲ್ಲಿ ನಡೆದ ಆಕೆಯ ಕಛೇರಿ ಮೆಚ್ಚುಗೆ ಗಳಿಸಿತು. ಅರಮನೆಯ ಮನ್ನಣೆಯೂ ಹಿಂದೆಯೇ ಬಂತು. ತಾಯಿಯ ಪಣವನ್ನು ಮಗಳು ಈಡೇರಿಸಿದ್ದಳು.

ಹೆಸರಿನ ಮುಂದೆ ಊರು

ಬೆಂಗಳೂರಿನಲ್ಲಿ ನಾಗರತ್ನಮ್ಮನವರಿಗೆ ಪೋಷಕರಾಗಿ ನಿಂತವರಲ್ಲಿ ಮೈಸೂರು ಸಂಸ್ಥಾನದ ನ್ಯಾಯಮೂರ್ತಿ ನರಹರಿರಾಯರು ಮುಖ್ಯರು. ಇಂದು ಹನುಮಂತನಗರದ ಕುಮಾರಸ್ವಾಮಿ ದೇವಾಲಯವಿರುವ ನರಹರಿರಾಯನ ಗುಡ್ಡ ಇವರ ಹೆಸರನ್ನೇ ಹೊತ್ತಿದೆ ಎನ್ನಲಾಗುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವರು ಮದರಾಸಿಗೆ ತೆರಳಿದರು. ದಕ್ಷಿಣದ ಸಂಗೀತದ ರಾಜಧಾನಿಯಾಗಿ ಮದರಾಸು ಆಗ ತಾನೇ ಬೆಳೆಯುತ್ತಿತ್ತು. ಜಾರ್ಜ್ ಟೌನಿನ ಶ್ರೀಮಂತ ವರ್ತಕರು, ವಕೀಲರು, ಜಮೀನ್ದಾರರು ಕಲೆಯ ಪೋಷಕರಾಗಿದ್ದರು. ವೀಣಾ ಧನಮ್ಮಾಳ್ ಅವರಂಥ ಮಹಾನ್ ಕಲಾವಿದೆ ವಾಸವಾಗಿದ್ದುದೂ ಅದೇ ಭಾಗದಲ್ಲಿ. ಅಂಥ ಊರಿನಲ್ಲಿ ಹೊರಗಿನಿಂದ ಬಂದ ಒಬ್ಬ ಗಾಯಕಿ ಹೆಸರು ಮಾಡುವುದು ಸುಲಭದ ಮಾತಾಗಿರಲಿಲ್ಲ. ನಾಗರತ್ನಮ್ಮ ಅದನ್ನು ಸಾಧಿಸಿದರು. ಬಿಟ್ಟು ಬಂದ ಊರು ಅವರ ಹೆಸರಿನ ಮುಂದೆ ಶಾಶ್ವತವಾಗಿ ಅಂಟಿಕೊಂಡಿತು.

ಅವರದು ಗಂಭೀರವಾದ, ತುಂಬಿದ ಕಂಠ. ಯದುಕುಲಕಾಂಭೋಜಿ ರಾಗ ಅವರ ಕೈವಶವಾಗಿತ್ತೆಂದು ಪ್ರಸಿದ್ಧಿ. ಸಂಸ್ಕೃತ, ತೆಲುಗು, ಕನ್ನಡ ರಚನೆಗಳನ್ನು ಅರ್ಥವರಿತು ಹಾಡುತ್ತಿದ್ದರು. ಹರಿಕಥೆಯಲ್ಲೂ ಪಳಗಿದ್ದರು. ಗ್ರಾಮಫೋನ್ ತಟ್ಟೆಗಳ ಆರಂಭದ ಕಾಲದಲ್ಲಿ ಅವರ ಹಾಡುಗಳೂ ಮುದ್ರಣಗೊಂಡವು. ಸುಮಾರು ಮೂರು ದಶಕಗಳ ಅವಧಿಯಲ್ಲಿ ದಕ್ಷಿಣ ಭಾರತದ ಊರೂರುಗಳಲ್ಲಿ ಸಾವಿರಕ್ಕೂ ಹೆಚ್ಚು ಕಛೇರಿಗಳನ್ನು ನಡೆಸಿದರು. ಮದರಾಸಿನಲ್ಲಿ ವರಮಾನ ತೆರಿಗೆ ಕಟ್ಟಿದ ಮೊದಲ ಕಲಾವಿದೆ ಅವರೇ ಎಂಬ ಮಾತೂ ಪ್ರಚಲಿತವಾಗಿದೆ.

ಪುಸ್ತಕಕ್ಕಾಗಿ ನಡೆದ ಮೊದಲ ಹೋರಾಟ

ಸಂಗೀತದಷ್ಟೇ ಸಾಹಿತ್ಯವೂ ನಾಗರತ್ನಮ್ಮನವರ ಪ್ರೀತಿಯ ವಿಷಯವಾಗಿತ್ತು. ತಂಜಾವೂರಿನ ಮರಾಠಾ ದೊರೆ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಕವಯಿತ್ರಿ ಮುದ್ದುಪಳನಿ ಹದಿನೆಂಟನೆಯ ಶತಮಾನದಲ್ಲಿ ತೆಲುಗಿನಲ್ಲಿ ರಾಧಿಕಾ ಸಾಂತ್ವನಮು ಎಂಬ ಶೃಂಗಾರ ಕಾವ್ಯವನ್ನು ಬರೆದಿದ್ದಳು. ಆಕೆಯೂ ದೇವದಾಸಿ ಕುಲದವಳು. ಹಿಂದೆ ಅಚ್ಚಾಗಿದ್ದ ಪ್ರತಿಯಲ್ಲಿ ಹಲವು ಪದ್ಯಗಳನ್ನು ಕೈಬಿಡಲಾಗಿತ್ತು. ಕವಯಿತ್ರಿ ಬರೆದ ಪೀಠಿಕೆಯೂ ಮಾಯವಾಗಿತ್ತು. ಹಸ್ತಪ್ರತಿಯನ್ನು ಹುಡುಕಿ ತೆಗೆದ ನಾಗರತ್ನಮ್ಮ 1910ರಲ್ಲಿ ಮದರಾಸಿನ ವಾವಿಳ್ಳ ಸಂಸ್ಥೆಯ ಮೂಲಕ ಆ ಕಾವ್ಯವನ್ನು ಪೂರ್ಣ ರೂಪದಲ್ಲಿ ಹೊರತಂದರು.

ತೆಲುಗು ಸಾಹಿತ್ಯದ ಸುಧಾರಣಾವಾದಿ ಕಂದುಕೂರಿ ವೀರೇಶಲಿಂಗಂ ಅವರು ಆ ಕಾವ್ಯವನ್ನೂ ಕವಯಿತ್ರಿಯನ್ನೂ ಕಟುವಾಗಿ ನಿಂದಿಸಿದ್ದರು. ನಾಗರತ್ನಮ್ಮ ತಮ್ಮ ಮುನ್ನುಡಿಯಲ್ಲೇ ಅದಕ್ಕೆ ಉತ್ತರ ಕೊಟ್ಟರು. ನಾಚಿಕೆಯೆಂಬುದು ಹೆಂಗಸರಿಗೆ ಮಾತ್ರ ಇರಬೇಕಾದ ಗುಣವೇ, ಇದಕ್ಕಿಂತ ಹೆಚ್ಚಿನ ಶೃಂಗಾರವನ್ನು ಬರೆದ ಪುರುಷ ಕವಿಗಳಿಗೆ ಅದು ಅನ್ವಯಿಸುವುದಿಲ್ಲವೇ ಎಂದು ನೇರವಾಗಿ ಪ್ರಶ್ನಿಸಿದರು. 1911ರಲ್ಲಿ ಬ್ರಿಟಿಷ್ ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ಪ್ರತಿಗಳನ್ನು ಪೊಲೀಸರು ಹೊತ್ತೊಯ್ದರು. ಸ್ವಾತಂತ್ರ್ಯದ ಹೊಸ್ತಿಲಲ್ಲಿ ಟಂಗುಟೂರಿ ಪ್ರಕಾಶಂ ಅವರ ಪ್ರಯತ್ನದಿಂದ ನಿಷೇಧ ತೆರವಾಯಿತು. ಅಷ್ಟು ದೀರ್ಘ ಕಾಲ ಆ ಕಾವ್ಯ ಕತ್ತಲಲ್ಲಿತ್ತು. ಹೆಣ್ಣು ಕಂಠವನ್ನು ಅದುಮುವವರ ಎದುರು ಸುಮ್ಮನಿರಬಾರದೆಂಬ ಪಾಠವನ್ನು ನಾಗರತ್ನಮ್ಮ ಇಲ್ಲಿಯೇ ಕಲಿತಿದ್ದರು.

ಗುರುವಿನಿಂದ ಬಂದ ಪತ್ರ

ನಲವತ್ತು ದಾಟಿದ ಮೇಲೆ ಗಾಯಕಿಯ ಕಛೇರಿ ಜೀವನ ಮುಗಿಯಿತೆಂದೇ ಭಾವಿಸುತ್ತಿದ್ದ ಕಾಲ ಅದು. ಹಣ, ಮನೆ, ಒಡವೆ, ಕೀರ್ತಿ ಎಲ್ಲವೂ ನಾಗರತ್ನಮ್ಮನವರಿಗಿತ್ತು. ಉಳಿದ ದಿನಗಳನ್ನು ನೆಮ್ಮದಿಯಿಂದ ಕಳೆಯಬಹುದಾಗಿತ್ತು. ಆದರೆ 1921ರಲ್ಲಿ ಬೆಂಗಳೂರಿನಿಂದ ಬಂದ ಒಂದು ಪತ್ರ ಅವರ ಎರಡನೆಯ ಬದುಕನ್ನು ಆರಂಭಿಸಿತು. ಬರೆದವರು ಗುರು ಮುನಿಸ್ವಾಮಪ್ಪನವರು. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿ ಪಾಳುಬಿದ್ದಿದೆಯೆಂದು ಅವರು ನೊಂದು ಬರೆದಿದ್ದರು. ಅದೇ ಸುಮಾರಿಗೆ ತ್ಯಾಗರಾಜರು ಕನಸಿನಲ್ಲಿ ಕಾಣಿಸಿಕೊಂಡರೆಂಬ ಕಥೆಯೂ ಇದೆ.

ತ್ಯಾಗರಾಜರು 1847ರ ಜನವರಿ 6ರಂದು ತಿರುವಯ್ಯಾರಿನಲ್ಲಿ ಕಣ್ಮರೆಯಾದರು. ಅದಕ್ಕೆ ಸ್ವಲ್ಪ ಮೊದಲು ಸನ್ಯಾಸ ಸ್ವೀಕರಿಸಿದ್ದರಿಂದ ಕಾವೇರಿಯ ದಡದಲ್ಲಿ ಅವರಿಗೆ ಸಮಾಧಿ ಮಾಡಿ ಬೃಂದಾವನ ನಿಲ್ಲಿಸಲಾಗಿತ್ತು. ಅವರ ವಂಶ ಮೊಮ್ಮಗನ ಕಾಲಕ್ಕೇ ನಿಂತುಹೋಯಿತು. ಶಿಷ್ಯರು ಬೇರೆ ಬೇರೆ ಊರುಗಳಲ್ಲಿ ನೆಲೆಸಿದ್ದರು. ಹೀಗಾಗಿ ಸಮಾಧಿಯನ್ನು ನೋಡಿಕೊಳ್ಳುವವರಿಲ್ಲದೆ ಗಿಡಗಂಟಿ ಬೆಳೆಯಿತು. 1903ರಲ್ಲಿ ಉಮಯಾಳ್ಪುರಂ ಕೃಷ್ಣ ಭಾಗವತರು ಮತ್ತು ಸುಂದರ ಭಾಗವತರು ಅದನ್ನು ದುರಸ್ತಿ ಮಾಡಿಸಿದರು. ಅನಂತರದ ವರ್ಷಗಳಲ್ಲಿ ತಿಲ್ಲೈಸ್ಥಾನಂ ನರಸಿಂಹ ಭಾಗವತರು ಮತ್ತು ಪಂಜು ಭಾಗವತರು ಆರಾಧನೆಯನ್ನು ಉತ್ಸವವಾಗಿ ನಡೆಸತೊಡಗಿದರು. ಆದರೆ ಸಂಘಟಕರಲ್ಲಿ ಒಡಕು ಮೂಡಿ ದೊಡ್ಡ ಕಕ್ಷಿ, ಚಿಕ್ಕ ಕಕ್ಷಿ ಎಂಬ ಎರಡು ಬಣಗಳಾದವು. ಉತ್ಸವಗಳು ಎರಡಾದವು, ಸಮಾಧಿ ಮಾತ್ರ ಮತ್ತೆ ಪಾಳುಬಿತ್ತು.

ಸುದ್ದಿ ತಿಳಿದ ನಾಗರತ್ನಮ್ಮ ತಿರುವಯ್ಯಾರಿಗೆ ಹೊರಟರು. ಮುಳ್ಳುಕಂಟಿಗಳ ನಡುವೆ ಮುಳುಗಿದ್ದ ಬೃಂದಾವನವನ್ನು ಕಂಡು ಮರುಗಿದರು. ಚಂದಾ ಪಟ್ಟಿ ಹಿಡಿದು ಯಾರ ಮನೆಯ ಬಾಗಿಲಿಗೂ ಹೋಗದೆ ಸ್ವಂತ ಹಣವನ್ನೇ ತೊಡಗಿಸಲು ನಿರ್ಧರಿಸಿದರು. ಸುತ್ತಲಿನ ಜಾಗವನ್ನು ಪಡೆಯಲು ವ್ಯವಹಾರ ನಡೆಸಿದರು. ಆವರಣವನ್ನು ಶುಚಿಗೊಳಿಸಿದರು. 1921ರ ಅಕ್ಟೋಬರ್‌ನಲ್ಲಿ ಗುಡಿಗೆ ಅಡಿಗಲ್ಲು ಬಿತ್ತು. ಕಛೇರಿಯ ಸಂಭಾವನೆ ಕೈಸೇರಿದಂತೆಲ್ಲ ಗುಡಿಯ ಕೆಲಸಕ್ಕೆ ಹರಿಯಿತು. ಅದೂ ಸಾಲದಾದಾಗ ಒಡವೆಗಳೂ ಹೋದವು. ತ್ಯಾಗರಾಜರ ಶಿಲಾಮೂರ್ತಿಯೊಡನೆ ಸಿದ್ಧವಾದ ಗುಡಿಗೆ 1926ರ ಜನವರಿಯಲ್ಲಿ ಕುಂಭಾಭಿಷೇಕ ನಡೆಯಿತು.

ಕಟ್ಟಿದವರಿಗೇ ಇಲ್ಲದ ಜಾಗ

ಗುಡಿ ಎದ್ದುನಿಂತಿತು. ಇನ್ನಾದರೂ ಅಲ್ಲಿ ಕುಳಿತು ಹಾಡಬಹುದೆಂದುಕೊಂಡ ನಾಗರತ್ನಮ್ಮನವರಿಗೆ ನಿರಾಸೆ ಕಾದಿತ್ತು. ಪರಸ್ಪರ ಮುಖ ನೋಡದ ಎರಡೂ ಕಕ್ಷಿಗಳು ಒಂದು ವಿಷಯದಲ್ಲಿ ಮಾತ್ರ ಏಕಾಭಿಪ್ರಾಯ ಹೊಂದಿದ್ದವು. ಅದು, ಆರಾಧನೆಯಲ್ಲಿ ಹೆಂಗಸರು ಹಾಡಬಾರದು ಎಂಬುದು. ಅಂದು ವೇದಿಕೆಯ ಮೇಲೆ ಹಾಡುತ್ತಿದ್ದ ಹೆಂಗಸರೆಂದರೆ ಬಹುಪಾಲು ದೇವದಾಸಿ ಕುಲದವರೇ. ಅವರನ್ನು ದೂರವಿಡುವುದೇ ಉತ್ಸವದ ಘನತೆ ಎಂದು ಹಲವರು ನಂಬಿದ್ದರು. ಅವರ ಹಣ ಬೇಕಿತ್ತು, ಅವರ ದನಿ ಬೇಕಿರಲಿಲ್ಲ.

ಜಗಳವಾಡಿ ಊರು ಬಿಟ್ಟು ಹೋಗುವುದು ಸುಲಭವಾಗಿತ್ತು. ನಾಗರತ್ನಮ್ಮ ಬೇರೊಂದು ದಾರಿ ಹಿಡಿದರು. 1927ರಿಂದ ಗುಡಿಯ ಹಿಂಬದಿಯಲ್ಲೇ ಹೆಂಗಸರಿಂದ ಪ್ರತ್ಯೇಕ ಸಂಗೀತೋತ್ಸವವನ್ನು ಆರಂಭಿಸಿದರು. ದಕ್ಷಿಣದ ನಾನಾ ಕಡೆಗಳಿಂದ ಗಾಯಕಿಯರು ಬಂದು ಸೇರಿಕೊಂಡರು. ಮುಂಭಾಗದಲ್ಲಿ ಗಂಡಸರ ಗಾಯನ, ಹಿಂಭಾಗದಲ್ಲಿ ಹೆಂಗಸರದು. ಜನರ ಬಾಯಲ್ಲಿ ಇದು ಹೆಂಗಸರ ಕಕ್ಷಿ ಎಂದೇ ಹೆಸರಾಯಿತು. ಹೀಗೆ ತಿರುವಯ್ಯಾರಿನಲ್ಲಿ ಒಬ್ಬ ಸಂತನ ಹೆಸರಿನಲ್ಲಿ ಮೂರು ಉತ್ಸವಗಳಾದವು.

ಅದೇ ವರ್ಷಗಳಲ್ಲಿ ಮತ್ತೊಂದು ಕಡೆಯಿಂದಲೂ ಅವರಿಗೆ ಬಿಸಿ ತಟ್ಟಿತು. ದೇವದಾಸಿ ಪದ್ಧತಿಯನ್ನು ರದ್ದುಪಡಿಸಬೇಕೆಂಬ ಚಳವಳಿ ಬಲಗೊಂಡಿತ್ತು. ಮೈಸೂರು ಸಂಸ್ಥಾನ 1909ರಷ್ಟು ಹಿಂದೆಯೇ ಮುಜರಾಯಿ ದೇವಾಲಯಗಳಲ್ಲಿ ಈ ಸೇವೆಯನ್ನು ನಿಲ್ಲಿಸಿತ್ತು. ಮದರಾಸು ಶಾಸನಸಭೆಯಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ 1927ರಲ್ಲಿ ಇದೇ ವಿಷಯವನ್ನು ಎತ್ತಿದರು. ದೇವದಾಸಿಯರ ಸಂಘದ ಮುಂದಾಳಾಗಿ ನಾಗರತ್ನಮ್ಮ ಅದನ್ನು ವಿರೋಧಿಸಿದರು. ಶೋಷಣೆಯನ್ನು ತಡೆಯುವ ಹೆಸರಿನಲ್ಲಿ ತಲೆತಲಾಂತರದಿಂದ ಸಂಗೀತ, ನೃತ್ಯ, ಸಾಹಿತ್ಯಗಳನ್ನು ಕಾಪಾಡಿಕೊಂಡು ಬಂದ ಇಡೀ ಕುಲಕ್ಕೆ ಕಳಂಕ ಹಚ್ಚಬಾರದೆಂಬುದು ಅವರ ನಿಲುವು. ಎಳೆಯ ಹೆಣ್ಣುಮಕ್ಕಳನ್ನು ಆ ಪದ್ಧತಿಗೆ ಒಪ್ಪಿಸುವುದರಿಂದ ಆಗುತ್ತಿದ್ದ ಅನ್ಯಾಯ ಮುತ್ತುಲಕ್ಷ್ಮಿ ರೆಡ್ಡಿಯವರ ವಾದಕ್ಕೆ ಬಲ ಕೊಟ್ಟಿತ್ತು. ತಾಯಿಯ ಕಡೆಯಿಂದ ಅದೇ ಕುಲದ ನಂಟಿದ್ದ ಅವರ ಮಾತಿಗೂ ಅನುಭವದ ಆಧಾರವಿತ್ತು. 1947ರಲ್ಲಿ ಮದರಾಸಿನಲ್ಲಿ ಕಾಯ್ದೆ ಬಂತು. ಈ ವಾದದಲ್ಲಿ ನಾಗರತ್ನಮ್ಮ ಸೋತರು. ಪದ್ಧತಿ ಹೋಗಬೇಕಾದದ್ದೇ ಸರಿಯೆಂದು ಇಂದು ಒಪ್ಪುವವರೂ ಆ ಹೆಂಗಸರ ಕಲೆಗೆ ಸಲ್ಲಬೇಕಾದ ಗೌರವ ಸಲ್ಲಲಿಲ್ಲವೆಂಬ ಅವರ ಅಳಲನ್ನು ತಳ್ಳಿಹಾಕಲಾರರು.

ಮೂರು ಉತ್ಸವಗಳು ಒಂದಾದ ವರ್ಷ

ತಿರುವಯ್ಯಾರಿನಲ್ಲಿ ಅವರು ಸೋಲಲಿಲ್ಲ. ಕಕ್ಷಿಗಳು ಒಂದಾಗಬೇಕು, ಹೆಂಗಸರಿಗೂ ಅವಕಾಶ ಸಿಗಬೇಕು ಎಂದು ಅಧಿಕಾರಿಗಳಿಗೆ ಮನವಿ ಸಲ್ಲಿಸುತ್ತಲೇ ಬಂದರು. ಇನ್ನೊಂದೆಡೆ ನಿತ್ಯದ ಪೂಜೆ, ದೀಪ, ಗುಡಿಯ ಉಸ್ತುವಾರಿಯನ್ನು ತಪ್ಪದೆ ನಡೆಸಿದರು. ವರ್ಷಕ್ಕೊಮ್ಮೆ ಬಂದು ಹಾಡಿ ಹೋಗುವವರು ಹಲವರಿದ್ದರು. ವರ್ಷವಿಡೀ ಗುಡಿಯನ್ನು ಕಾಯುವ ಹೊಣೆಯನ್ನು ತಮ್ಮ ಮೇಲೆ ಹಾಕಿಕೊಂಡವರು ನಾಗರತ್ನಮ್ಮ. ಈ ಸೇವೆಯೇ ಅವರ ವಾದಕ್ಕೆ ಬಲ ತಂದಿತು. ಅವರ ಮಾತನ್ನು ಅಲ್ಲಗಳೆಯಬಹುದಿತ್ತು, ಅವರು ಮಾಡಿದ ಕೆಲಸವನ್ನು ಅಲ್ಲಗಳೆಯುವಂತಿರಲಿಲ್ಲ.

1940ರಲ್ಲಿ ಐಸಿಎಸ್ ಅಧಿಕಾರಿ ಎಸ್.ವೈ. ಕೃಷ್ಣಸ್ವಾಮಿ, ಖ್ಯಾತ ಗಾಯಕ ಮುಸಿರಿ ಸುಬ್ರಮಣ್ಯ ಅಯ್ಯರ್ ಮೊದಲಾದವರ ಪ್ರಯತ್ನದಿಂದ ಕಕ್ಷಿಗಳು ಒಂದುಗೂಡಿದವು. ತ್ಯಾಗಬ್ರಹ್ಮ ಮಹೋತ್ಸವ ಸಭಾ ಅಸ್ತಿತ್ವಕ್ಕೆ ಬಂತು. 1941ರಿಂದ ಆರಾಧನೆ ಒಂದೇ ಉತ್ಸವವಾಗಿ ನಡೆಯಿತು, ಹೆಂಗಸರಿಗೂ ಹಾಡುವ ಹಕ್ಕು ದೊರೆಯಿತು. ನಾಟ, ಗೌಳ, ಆರಭಿ, ವರಾಳಿ, ಶ್ರೀ ರಾಗಗಳ ಪಂಚರತ್ನ ಕೃತಿಗಳನ್ನು ಎಲ್ಲರೂ ಕೂಡಿ ಹಾಡುವ ಕ್ರಮ ರೂಢಿಗೆ ಬಂದದ್ದೂ ಆಗಲೇ. ಒಂದೇ ಸಮಾಧಿಯ ಮುಂದೆ ಒಬ್ಬರ ಹಾಡನ್ನು ಒಬ್ಬರು ಕೇಳದೆ ಮೂರು ಪಾಲಾಗಿದ್ದವರು ಒಂದೇ ಶ್ರುತಿಗೆ ಬಂದರು. ಕುಂಭಾಭಿಷೇಕ ನಡೆದು ಅಷ್ಟು ಹೊತ್ತಿಗೆ ಹದಿನೈದು ವರ್ಷಗಳು ಕಳೆದಿದ್ದವು. ನಾಗರತ್ನಮ್ಮನವರಿಗೆ ಆಗ 62 ವರ್ಷ.

ವಯಸ್ಸು ತಾಗದ ಮನಸ್ಸು

ಅಷ್ಟರಲ್ಲಿ ಅವರು ಮದರಾಸಿನ ಮನೆಯನ್ನು ಮಾರಿ ತಿರುವಯ್ಯಾರಿನಲ್ಲೇ ನೆಲೆಸಿದ್ದರು. ಮಹಾರಾಜರ ಮೆಚ್ಚುಗೆ ಪಡೆದವರು, ನಗರದ ವೈಭವ ಕಂಡವರು ಕಾವೇರಿ ದಡದ ಒಂದು ಸಣ್ಣ ಊರಿನಲ್ಲಿ ಸರಳ ಬದುಕನ್ನು ಆರಿಸಿಕೊಂಡಿದ್ದರು. ಗುಡಿಯೇ ಅವರ ಸಭಾಂಗಣ, ತ್ಯಾಗರಾಜರೇ ಶ್ರೋತೃ. ತ್ಯಾಗರಾಜರನ್ನು ನೂರೆಂಟು ಹೆಸರುಗಳಿಂದ ಅರ್ಚಿಸುವ ಅಷ್ಟೋತ್ತರ ಶತನಾಮಾವಳಿಯನ್ನು ಸಂಸ್ಕೃತದಲ್ಲಿ ಅವರೇ ರಚಿಸಿದರು. ಬಾಲ್ಯದಲ್ಲಿ ತಿಮ್ಮಯ್ಯನವರ ಮನೆಯಲ್ಲಿ ಕಲಿತ ಸಂಸ್ಕೃತ ಕೊನೆಗಾಲದಲ್ಲಿ ಹೀಗೆ ಒದಗಿಬಂತು. ಪುರೋಹಿತರು ಪಠಿಸುವ ನಾಮಾವಳಿಯನ್ನು ದೇವದಾಸಿ ಕುಲದ ಹೆಂಗಸೊಬ್ಬರು ರಚಿಸಿಕೊಟ್ಟದ್ದು ಅಂದಿಗೆ ಸಣ್ಣ ಸಂಗತಿಯಲ್ಲ.

ತ್ಯಾಗರಾಜರು ಉಂಛವೃತ್ತಿಯಿಂದ ಬದುಕಿದವರು. ತಂಬೂರಿ ಹಿಡಿದು ಬೀದಿಯಲ್ಲಿ ಹಾಡುತ್ತಾ ಹೋಗಿ ಅಂದಂದಿನ ಅಕ್ಕಿಯನ್ನು ಅಂದಂದೇ ತರುತ್ತಿದ್ದರು. ಅರಮನೆಯ ಕರೆ ಬಂದಾಗಲೂ ಹೋಗಲಿಲ್ಲ. ನಾಗರತ್ನಮ್ಮನವರ ಕಲೆ ಬೆಳೆದದ್ದು ಇದಕ್ಕೆ ತೀರ ಬೇರೆಯಾದ ದಾರಿಯಲ್ಲಿ. ರಾಜರ, ಸಿರಿವಂತರ ಪೋಷಣೆಯಿಲ್ಲದೆ ಆ ಕಾಲದ ಗಾಯಕಿಗೆ ಬದುಕಿರಲಿಲ್ಲ. ಹಾಗೆ ಗಳಿಸಿದ್ದನ್ನೆಲ್ಲ ಬೇಡಿ ಉಂಡ ಸಂತನ ಪಾದಕ್ಕೆ ಒಪ್ಪಿಸಿ ಅವರು ತಮ್ಮ ದಾರಿಯನ್ನೂ ಆ ದಾರಿಗೆ ಸೇರಿಸಿದರು. ತ್ಯಾಗಸೇವಾಸಕ್ತೆ ಎಂಬ ಬಿರುದು ಅವರಿಗೆ ಸಂದದ್ದು ಈ ಕಾರಣಕ್ಕೇ.

ಅವರ ಬದುಕಿನ ಲೆಕ್ಕ ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ. ಗುಡಿಗೆ ಅಡಿಗಲ್ಲು ಹಾಕಿದಾಗ ಅವರಿಗೆ 42 ವರ್ಷ. ಹೆಂಗಸರ ಉತ್ಸವವನ್ನು ಆರಂಭಿಸಿದ್ದು ಐವತ್ತರ ಅಂಚಿನಲ್ಲಿ. ಕಕ್ಷಿಗಳ ಒಗ್ಗಟ್ಟನ್ನು ಕಂಡದ್ದು ಅರುವತ್ತು ದಾಟಿದ ಮೇಲೆ. ಸಂಗೀತದಿಂದ ದುಡಿದ ವರ್ಷಗಳಿಗಿಂತ ಸಂಗೀತಕ್ಕಾಗಿ ದುಡಿದ ವರ್ಷಗಳಲ್ಲೇ ಅವರ ಹುರುಪು ಹೆಚ್ಚಿತ್ತು. ಕಂಠಕ್ಕೆ ಮುಪ್ಪು ಬರಬಹುದು, ಸೇವೆಗೆ ಬರುವುದಿಲ್ಲ. ದಿನವೂ ಹಾಡುವ ನೆಪ, ದಿನವೂ ಮಾಡಬೇಕಾದ ಕೆಲಸ, ಮುಂದಿನ ಪುಷ್ಯ ಮಾಸದ ಸಿದ್ಧತೆ ಇವೆಲ್ಲ ಅವರ ಮನಸ್ಸನ್ನು ಮುಪ್ಪಾಗಲು ಬಿಡಲಿಲ್ಲ.

1949ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಅವರು ಉಯಿಲು ಬರೆದರು. ತಮ್ಮ ಆಸ್ತಿಯನ್ನು ಗುಡಿಯ ಸೇವೆಗೆ ಮುಡಿಪಾಗಿಟ್ಟು ಅದರ ನಿರ್ವಹಣೆಗೆ ವ್ಯವಸ್ಥೆ ಮಾಡಿದರು. ದೇವದಾಸಿಯರೂ ಸೇರಿದಂತೆ ಹೆಂಗಸರಿಗೆ ಆ ಸನ್ನಿಧಿಯಲ್ಲಿ ಪೂಜಿಸಲು, ಹಾಡಲು ಎಂದೆಂದಿಗೂ ಅಡ್ಡಿಯಾಗಬಾರದೆಂಬ ಷರತ್ತನ್ನು ಮರೆಯದೆ ಸೇರಿಸಿದರು. ತಾವು ಪಡೆದ ಹಕ್ಕು ತಮ್ಮೊಂದಿಗೇ ಮುಗಿಯಬಾರದೆಂಬ ಎಚ್ಚರ ಅದರಲ್ಲಿತ್ತು.

1952ರ ಮೇ 19ರಂದು, ತಮ್ಮ 73ನೆಯ ವಯಸ್ಸಿನಲ್ಲಿ ನಾಗರತ್ನಮ್ಮ ನಿಧನರಾದರು. ತ್ಯಾಗರಾಜರ ಸನ್ನಿಧಿಗೆ ಸಮೀಪದಲ್ಲೇ ಅವರ ಸ್ಮಾರಕವನ್ನು ನಿರ್ಮಿಸಲಾಯಿತು. ಅಲ್ಲಿ ಕೈಮುಗಿದು ಕುಳಿತ ಭಂಗಿಯಲ್ಲಿ ಅವರ ವಿಗ್ರಹವಿದೆ. ಹುಟ್ಟೂರಿನ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡಿ ತಂಜಾವೂರಿನ ಬಯಲಿಗೆ ಹರಿಯುತ್ತದೆ. ನಂಜನಗೂಡಿನ ಮಗಳು ತಲುಪಿದ್ದೂ ಅದೇ ನೀರಿನ ದಡವನ್ನು.

ಊರೂರಿಗೂ ಹಬ್ಬಿದ ಆರಾಧನೆ

ತಿರುವಯ್ಯಾರಿನ ಮಾದರಿ ಇಂದು ಅಲ್ಲಿಗಷ್ಟೇ ಸೀಮಿತವಾಗಿಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ 1978ರಲ್ಲಿ ಆರಂಭವಾದ ತ್ಯಾಗರಾಜ ಆರಾಧನೆ ಬಹು ದೊಡ್ಡ ಸಂಗೀತೋತ್ಸವವಾಗಿ ಬೆಳೆದಿದೆ. ಬೆಂಗಳೂರು, ಮೈಸೂರುಗಳ ಸಂಗೀತ ಸಭೆಗಳಲ್ಲೂ ಬಡಾವಣೆಗಳ ದೇವಸ್ಥಾನಗಳಲ್ಲೂ ಆರಾಧನೆಯ ಹೊತ್ತಿಗೆ ಗೋಷ್ಠಿ ಗಾಯನ ನಡೆಯುತ್ತದೆ. ನಿವೃತ್ತ ನೌಕರರು, ಗೃಹಿಣಿಯರು, ಶಾಲೆಯ ಮಕ್ಕಳು ಪುಸ್ತಕ ಹಿಡಿದು ಒಟ್ಟಿಗೆ ಹಾಡುತ್ತಾರೆ. ಜಮಖಾನ ಹಾಸುವವರು, ಮೈಕು ಜೋಡಿಸುವವರು, ಕೋಸಂಬರಿ ಪಾನಕ ಹಂಚುವವರು ಬಹುಪಾಲು ಆಯಾ ಬಡಾವಣೆಯವರೇ. ಯಾರಿಗೂ ಕೂಲಿಯಿಲ್ಲ.

ಇಂಥ ಗೋಷ್ಠಿಗಳಲ್ಲಿ ಈಗ ಹೆಂಗಸರ ದನಿಯೇ ಮುಂದು. ವರ್ಷವೆಲ್ಲ ಕಲಿಸುವವರೂ, ಕಲಿಯುವವರೂ, ಸಾಲು ಕೂಡಿಸುವವರೂ ಹೆಚ್ಚಾಗಿ ಅವರೇ. ತಾವು ಹಾಡಬಾರದೆಂಬ ಕಟ್ಟಳೆ ತ್ಯಾಗರಾಜರ ಗುಡಿಯೆದುರಿಗೇ ಒಂದು ಕಾಲಕ್ಕೆ ಇತ್ತೆಂದರೆ ಅವರಲ್ಲಿ ಹಲವರು ನಂಬಲಾರರು. ಅಷ್ಟರಮಟ್ಟಿಗೆ ನಾಗರತ್ನಮ್ಮನವರ ಗೆಲುವು ಪೂರ್ಣವಾಗಿದೆ.

ಹುಟ್ಟಿದ ನಾಡಿನಲ್ಲಿ ಅವರ ನೆನಪು ಮಾತ್ರ ಇನ್ನೂ ತೆಳುವಾಗಿಯೇ ಇದೆ. ಹೆಸರಿನ ಮುಂದೆ ಬೆಂಗಳೂರನ್ನು ಇಟ್ಟುಕೊಂಡು ದಕ್ಷಿಣವನ್ನೆಲ್ಲ ಸುತ್ತಿದ ಗಾಯಕಿಯ ಪರಿಚಯ ಆ ಊರಿನ ಹೊಸ ತಲೆಮಾರಿಗೆ ಇರುವುದು ಅಪರೂಪ. ಪುಷ್ಯ ಬಹುಳ ಪಂಚಮಿಯಂದು ಬಡಾವಣೆಯ ಗೋಷ್ಠಿಯಲ್ಲಿ ಪಂಚರತ್ನ ಮೊಳಗುವಾಗ ತ್ಯಾಗರಾಜರ ಪಟದ ಪಕ್ಕದಲ್ಲಿ ಅವರ ಪಟಕ್ಕೂ ಒಂದು ಹೂವು ಏರಿದರೆ, ಹಳೆಯ ಋಣದಲ್ಲಿ ಸ್ವಲ್ಪವಾದರೂ ಸಂದಂತಾದೀತು.